ಎಲ್ಲರಿಗೂ ಒಂದೇ ಹೋಟೆಲ್, ಎಲ್ಲರಿಗೂ ಒಂದೇ ನಿದ್ದೆಯೇ?

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ಮೂವರು. ಮಂಚ ಮೂರು, ಮೇಜು ಮೂರು, ಫ್ಯಾನ್ ಮಾತ್ರ ಒಂದು. ಅದೂ ರೂಮಿನ ನಟ್ಟನಡುವೆ ಇಲ್ಲ, ಕಿಟಕಿ ಕಡೆಗೆ ಸರಿದುಕೊಂಡಿದೆ. ಹಾಗಾಗಿ ಕಿಟಕಿ ಪಕ್ಕದ ಮಂಚದವನಿಗೆ ಗಾಳಿ, ಬಾಗಿಲ ಪಕ್ಕದವನಿಗೆ ಬರೀ ಫ್ಯಾನಿನ ಸದ್ದು. ಸೆಮಿಸ್ಟರ್ ಶುರುವಾದ ದಿನ ಚೀಟಿ ಎತ್ತಿ, ತಿಂಗಳಿಗೊಮ್ಮೆ ಮಂಚ ಬದಲಿಸಬೇಕು ಎಂದು ಒಪ್ಪಂದ ಮಾಡಿಕೊಂಡೆವು.

ಏಪ್ರಿಲ್‌ನಲ್ಲಿ ಬಾಗಿಲ ಮಂಚದ ಸರದಿ ಬಂದ ಗೆಳೆಯ ಊರಿಗೆ ಹೋದವನು ಒಂದು ಟೇಬಲ್ ಫ್ಯಾನ್ ಹಿಡಿದುಕೊಂಡು ಬಂದ. ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ. ಮೂರನೇ ದಿನ ವಾರ್ಡನ್ ಬಂದು ಫ್ಯಾನ್ ಎತ್ತಿಕೊಂಡು ಹೋದರು. ‘ಇವತ್ತು ನೀನು ತಂದೆ, ನಾಳೆ ಎಲ್ಲರೂ ತರ್ತಾರೆ. ಹಾಸ್ಟೆಲ್ ಅಂದಮೇಲೆ ಎಲ್ಲರೂ ಒಂದೇ’ ಎಂದರು. ಅವರು ಹೋದಮೇಲೆ ಗೆಳೆಯ ಗೊಣಗಿದ: ‘ಲೇ, ನನ್ನ ಫ್ಯಾನಿನಿಂದ ಯಾರ ಗಂಟು ಹೋಗ್ತಿತ್ತು ಹೇಳು?’

ನನಗೆ ತಕ್ಷಣ ನೆನಪಾದದ್ದು ರಿಚಿ ಪೋರ್ಟ್. ಅವನು ಆಸ್ಟ್ರೇಲಿಯಾದ ಸೈಕಲ್ ಸವಾರ. 2015ರಲ್ಲಿ ಅವನೂ ಹೀಗೇ ತನ್ನದೇ ‘ಫ್ಯಾನ್’ ತಂದುಕೊಂಡಿದ್ದ. ಅದನ್ನೂ ಒಬ್ಬ ‘ವಾರ್ಡನ್’ ನಿಷೇಧಿಸಿದರು.

ನಾನು ವಿಜಯಪುರದವನು. ನಮ್ಮ ಕಡೆ, ಬಾಗಲಕೋಟೆ ಕಡೆ ಸೈಕ್ಲಿಂಗ್ ಹುಚ್ಚು ಹೊಸದಲ್ಲ. ಬೆಳಗಿನ ಜಾವ ಹೆದ್ದಾರಿಯಲ್ಲಿ ತಲೆ ಬಗ್ಗಿಸಿಕೊಂಡು ಸಾಲಾಗಿ ಹೋಗುವ ಹುಡುಗ ಹುಡುಗಿಯರನ್ನು ನೋಡುತ್ತಲೇ ಬೆಳೆದವನು. ಕ್ರಿಕೆಟ್ ನೋಡುವ ಗೆಳೆಯರ ನಡುವೆ ಮೊಬೈಲ್‌ನಲ್ಲಿ ಟೂರ್ ಡಿ ಫ್ರಾನ್ಸ್ ನೋಡುವ ಒಬ್ಬನೇ ಪ್ರಾಣಿ ನಾನು. ಪೋರ್ಟ್‌ನ ಕಥೆ ಓದಿದಾಗ ನಾನೂ ಗೆಳೆಯನ ಹಾಗೆಯೇ ಕೇಳಿದ್ದೆ: ಅವನ ಹಾಸಿಗೆಯಿಂದ ಯಾರಿಗೇನು ನಷ್ಟ? ಆದರೆ ಹಳೆಯದನ್ನು ಓದುತ್ತಾ ಹೋದಂತೆ ನನ್ನ ಉತ್ತರ ಬದಲಾಯಿತು.

ಚಕ್ರದ ಮೇಲಿನ ಮಲಗುವ ಕೋಣೆ

ಮೊದಲು ಆಟದ ಸ್ವರೂಪ ಹೇಳಿಬಿಡುತ್ತೇನೆ. ಟೂರ್ ಡಿ ಫ್ರಾನ್ಸ್, ಜಿರೊ ಡಿ ಇಟಾಲಿಯಾ, ಸ್ಪೇನಿನ ವುವೆಲ್ಟಾ ಈ ಮೂರಕ್ಕೂ ಗ್ರ್ಯಾಂಡ್ ಟೂರ್ ಎನ್ನುತ್ತಾರೆ. ಮೂರು ವಾರ, 21 ಹಂತ, ನಡುವೆ ಎರಡು ದಿನ ವಿಶ್ರಾಂತಿ. ಪ್ರತಿ ಹಂತದ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ. ಒಟ್ಟು ಸಮಯ ಯಾರದು ಕಡಿಮೆಯೋ ಅವನೇ ಗೆದ್ದವನು. ಇವತ್ತು ಒಂದು ಊರಲ್ಲಿ ಮುಗಿದ ಓಟ ನಾಳೆ ಇನ್ನೊಂದು ಊರಿಂದ ಶುರುವಾಗಬಹುದು. ಹಾಗಾಗಿ ಹೆಚ್ಚುಕಡಿಮೆ ದಿನಕ್ಕೊಂದು ಹೋಟೆಲ್. ನಮ್ಮಲ್ಲಿ ಹೋಟೆಲ್ ಅಂದರೆ ಇಡ್ಲಿ–ವಡೆ ನೆನಪಾಗುತ್ತದೆ. ಇಲ್ಲಿ ನಾನು ಹೇಳುತ್ತಿರುವುದು ನಾವು ಲಾಡ್ಜ್ ಎನ್ನುತ್ತೇವಲ್ಲ, ಅದು.

ಈ ಹೋಟೆಲ್‌ಗಳನ್ನು ತಂಡಗಳು ಆರಿಸಿಕೊಳ್ಳುವುದಿಲ್ಲ, ರೇಸಿನ ಸಂಘಟಕರೇ ಹಂಚುತ್ತಾರೆ. ಇವತ್ತು ಒಂದು ತಂಡಕ್ಕೆ ಒಳ್ಳೆಯ ಹೋಟೆಲ್ ಸಿಕ್ಕರೆ ನಾಳೆ ಹೆದ್ದಾರಿ ಪಕ್ಕದ ಅಗ್ಗದ ಹೋಟೆಲ್. ಮೂರು ವಾರದಲ್ಲಿ ಒಟ್ಟಾರೆ ಎಲ್ಲರಿಗೂ ಸರಿಹೋಗಲಿ ಎಂಬ ಲೆಕ್ಕ. ನಮ್ಮ ಮಂಚದ ಸರದಿಯೇ, ಸ್ವಲ್ಪ ದೊಡ್ಡದಾಗಿ.

2015ರ ಜಿರೊದಲ್ಲಿ ಬ್ರಿಟನ್ನಿನ ಟೀಮ್ ಸ್ಕೈ ತಂಡ ಈ ಲೆಕ್ಕದಿಂದ ಹೊರಗೆ ಬಂತು. ತನ್ನ ನಾಯಕ ಪೋರ್ಟ್‌ಗಾಗಿ ಒಂದು ಮೋಟರ್‌ಹೋಮ್ ತಂದಿತು. ಬಸ್ಸಿನಂಥ ಗಾಡಿ, ಒಳಗೆ ಹಾಸಿಗೆ, ಸ್ನಾನದ ಕೋಣೆ, ತಂಪು ಗಾಳಿ ಎಲ್ಲವೂ. ಊರು ಬದಲಾದರೂ ಹಾಸಿಗೆ ಬದಲಾಗುವುದಿಲ್ಲ. ಗಮನಿಸಿ, ಅದೇ ತಂಡದ ಉಳಿದ ಸವಾರರು ಎಂದಿನಂತೆ ಹೋಟೆಲ್‌ನಲ್ಲೇ ಮಲಗಿದರು.

ಮುಂದಿನ ಟೂರ್ ಡಿ ಫ್ರಾನ್ಸ್‌ನಲ್ಲಿ ಕ್ರಿಸ್ ಫ್ರೂಮ್‌ಗೂ ಹೀಗೇ ಗಾಡಿ ಬರುತ್ತದೆ ಎಂಬ ಮಾತು ಹಬ್ಬಿತ್ತು. ಅಷ್ಟರಲ್ಲಿ, ಜೂನ್ ತಿಂಗಳಲ್ಲಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ನಿಯಮ ಬಿಗಿ ಮಾಡಿತು. ರೇಸ್ ನಡೆಯುವ ಅಷ್ಟೂ ದಿನ ಸವಾರರು ಸಂಘಟಕರು ಕೊಟ್ಟ ಹೋಟೆಲ್‌ನಲ್ಲೇ ಉಳಿಯಬೇಕು. ಸವಾರರ ನಡುವೆ ಪೂರ್ತಿ ಸಮಾನತೆ ಇರಬೇಕು ಎಂಬುದು ಒಕ್ಕೂಟ ಕೊಟ್ಟ ಕಾರಣ.

ಅಷ್ಟಾಗಿ ಪೋರ್ಟ್ ಆ ಜಿರೊ ಗೆದ್ದನೇ? ಇಲ್ಲ. ಹತ್ತನೇ ಹಂತದ ಕೊನೆಯಲ್ಲಿ ಅವನ ಗಾಲಿ ಪಂಕ್ಚರ್ ಆಯಿತು. ಎದುರಾಳಿ ತಂಡದಲ್ಲಿದ್ದ ಅವನದೇ ದೇಶದ ಸೈಮನ್ ಕ್ಲಾರ್ಕ್ ತನ್ನ ಗಾಲಿ ಬಿಚ್ಚಿ ಕೊಟ್ಟ. ನೋಡಿದವರೆಲ್ಲ ಭೇಷ್ ಎಂದರು. ಆದರೆ ಬೇರೆ ತಂಡದವರಿಂದ ಇಂಥ ನೆರವು ಪಡೆಯುವುದು ನಿಯಮಕ್ಕೆ ವಿರುದ್ಧ. ಇಬ್ಬರಿಗೂ ತಲಾ ಎರಡು ನಿಮಿಷ ದಂಡ ಬಿತ್ತು. ಮುಂದೆ ಗಾಯ, ಹಿನ್ನಡೆ. ಹದಿನಾರನೇ ಹಂತಕ್ಕೆ ಮೊದಲೇ ಪೋರ್ಟ್ ಮನೆಗೆ ಹೋದ. ಗೆದ್ದವನು ಬೇರೆ ತಂಡದ ಅಲ್ಬರ್ಟೊ ಕಾಂಟಡೋರ್. ಹೋಟೆಲ್‌ಗಳಲ್ಲೇ ಮಲಗಿದ ಸ್ಕೈ ತಂಡದ ಲಿಯೊಪೋಲ್ಡ್ ಕೋನಿಗ್ ಆರನೇ ಸ್ಥಾನ ಪಡೆದ.

‘ನೋಡು, ಗಾಡಿಯಿಂದ ಏನೂ ಆಗಲಿಲ್ಲವಲ್ಲ! ಮತ್ತೆ ಯಾಕೆ ನಿಷೇಧ?’ ಎಂದು ನಮ್ಮ ಗೆಳೆಯ ಗೆದ್ದವನಂತೆ ಕೇಳಿದ. ಆದರೆ ಒಂದು ರೇಸಿನ ಫಲಿತಾಂಶ ನೋಡಿ ನಿಯಮ ಸರಿಯೋ ತಪ್ಪೋ ಹೇಳಲಾಗದು. ಕಾಪಿ ಹೊಡೆದವನು ಫೇಲಾದ ಎಂದ ಮಾತ್ರಕ್ಕೆ ಕಾಪಿ ಸರಿಯಾಗುವುದಿಲ್ಲವಲ್ಲ.

ಒಂದು ರಾತ್ರಿಗೆ ಎಷ್ಟು ಸೆಕೆಂಡು?

ನಿದ್ದೆ ಅಷ್ಟು ದೊಡ್ಡ ವಿಷಯವೇ? ಲೆಕ್ಕ ಹಾಕೋಣ. 2015ರ ಟೂರ್ ಡಿ ಫ್ರಾನ್ಸ್ ಸುಮಾರು 3,360 ಕಿಲೋಮೀಟರ್. ಗೆದ್ದ ಫ್ರೂಮ್ ತೆಗೆದುಕೊಂಡದ್ದು 84 ಗಂಟೆ 46 ನಿಮಿಷ 14 ಸೆಕೆಂಡು. ಎರಡನೆಯವನಾದ ಕೊಲಂಬಿಯಾದ ನೈರೊ ಕಿಂಟಾನ ಹಿಂದೆ ಬಿದ್ದದ್ದು 1 ನಿಮಿಷ 12 ಸೆಕೆಂಡು. ಮೂರು ಲಕ್ಷಕ್ಕೂ ಹೆಚ್ಚು ಸೆಕೆಂಡುಗಳಲ್ಲಿ ಬರೀ 72 ಸೆಕೆಂಡಿನ ಅಂತರ. ಅಂದರೆ ನಾಲ್ಕು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ! 1989ರಲ್ಲಿ ಇನ್ನೂ ಕಡಿಮೆ. ಅಮೆರಿಕದ ಗ್ರೆಗ್ ಲೆಮಾಂಡ್ ಫ್ರಾನ್ಸಿನ ಲೊರಾಂ ಫಿನ್ಯೋನನ್ನು ಸೋಲಿಸಿದ್ದು ಎಂಟೇ ಸೆಕೆಂಡಿನಲ್ಲಿ. ಸೀಟಿನ ಉಜ್ಜಾಟದಿಂದ ಆದ ಹುಣ್ಣಿನ ನೋವಿಗೆ ಫಿನ್ಯೋ ಕೊನೆಯ ದಿನಗಳಲ್ಲಿ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ದಿನಕ್ಕೆ ನಾಲ್ಕೈದು ಗಂಟೆ ಪೆಡಲ್ ತುಳಿದು, ಬೆಟ್ಟ ಹತ್ತಿ ಇಳಿದ ದೇಹ ರಾತ್ರಿಯೇ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಬೇಕು. ಸ್ನಾಯು ದುರಸ್ತಿಗೆ ಬೇಕಾದ ಹಾರ್ಮೋನು ಹೆಚ್ಚಾಗಿ ಹರಿಯುವುದು ಗಾಢ ನಿದ್ದೆಯಲ್ಲೇ. ಒಂದು ರಾತ್ರಿ ಕೆಟ್ಟರೆ ಹೇಗೋ ಸಾಗಿಸಬಹುದು. ಸೆಕೆಯ ಕೋಣೆ, ತಗ್ಗು ಬಿದ್ದ ಹಾಸಿಗೆ, ಪಕ್ಕದಲ್ಲೇ ಮದುವೆಯ ಡಿಜೆ ಹೀಗೆ ಐದಾರು ರಾತ್ರಿ ಸಿಕ್ಕರೆ? ಪರೀಕ್ಷೆಯ ವಾರ ನಿದ್ದೆಗೆಟ್ಟ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಹಾಗಾದರೆ ನಿದ್ದೆಯೂ ರೇಸಿನ ಭಾಗವೇ. ಅದನ್ನು ಹಣ ಕೊಟ್ಟು ಕೊಳ್ಳಬಹುದಾದರೆ, ಹಣವಿದ್ದವನಿಗೆ ಕೆಲವು ಸೆಕೆಂಡು ಉಚಿತವಾಗಿ ಸಿಕ್ಕಂತೆ. ಆ ವರ್ಷದ ಟೂರ್‌ನಲ್ಲಿ ಇದ್ದದ್ದು 22 ತಂಡ. ಹದಿನೇಳು ಮೊದಲ ದರ್ಜೆಯವು, ಐದು ಆಹ್ವಾನದ ಮೇಲೆ ಬಂದ ಎರಡನೇ ದರ್ಜೆಯವು. ಸ್ಕೈ ಗಾಡಿ ತಂದರೆ ಉಳಿದ ಶ್ರೀಮಂತ ತಂಡಗಳೂ ಮರುವರ್ಷ ತರುತ್ತವೆ. ಗಾಡಿ, ಅದಕ್ಕೊಬ್ಬ ಡ್ರೈವರ್, ಇಂಧನ ಇದನ್ನೆಲ್ಲ ಆ ಐದು ತಂಡಗಳು ಎಲ್ಲಿಂದ ತರಬೇಕು? ವಾರ್ಡನ್ ಹೇಳಿದ ‘ನಾಳೆ ಎಲ್ಲರೂ ತರ್ತಾರೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಎಲ್ಲರೂ ತರುವುದಿಲ್ಲ, ತರಲು ಆಗುವವರು ತರುತ್ತಾರೆ.

ಟೋಪಿ ಹಿಡಿದು ಬಾಡಿಗೆ

ನನ್ನ ಮನಸ್ಸು ಬದಲಿಸಿದ್ದು ಈ ಲೆಕ್ಕಕ್ಕಿಂತ ಹೆಚ್ಚಾಗಿ ಇಬ್ಬರು ಹಳೆಯ ಸವಾರರ ಕಥೆ.

ಟೂರ್ ಡಿ ಫ್ರಾನ್ಸ್ ಶುರುವಾದದ್ದು 1903ರಲ್ಲಿ. ಆಗಿದ್ದದ್ದು ಆರೇ ಹಂತ. ಆದರೆ ಮೊದಲ ಹಂತವೇ ಪ್ಯಾರಿಸ್‌ನಿಂದ ಲಿಯೋನ್‌ವರೆಗೆ 467 ಕಿಲೋಮೀಟರ್! ಅಂದಿನ ದಿನಗಳಲ್ಲಿ ಕಂಪನಿಗಳ ಬೆಂಬಲವಿದ್ದ ಸವಾರರಿಗೆ ಒಂದು ಬಗೆಯ ಬದುಕು, ಒಂಟಿಯಾಗಿ ಬಂದವರಿಗೆ ಇನ್ನೊಂದು. ಒಂಟಿ ಸವಾರರು ತಮ್ಮ ಸೈಕಲ್ ತಾವೇ ರಿಪೇರಿ ಮಾಡಿಕೊಳ್ಳಬೇಕು, ಊಟಕ್ಕೂ ಮಲಗುವ ಜಾಗಕ್ಕೂ ತಾವೇ ದಾರಿ ಹುಡುಕಬೇಕು.

1907ರಲ್ಲಿ ಆನ್ರಿ ಪೆಪಾಂ ಎಂಬ ಶ್ರೀಮಂತ ಟೂರ್‌ಗೆ ಇಳಿದ. ಜೊತೆಗೆ ಸಂಬಳ ಕೊಟ್ಟು ಇಬ್ಬರು ಅನುಭವಿ ಸವಾರರನ್ನು ಇಟ್ಟುಕೊಂಡಿದ್ದ. ಅವನಿಗೆ ಗೆಲ್ಲುವ ಆತುರವಿರಲಿಲ್ಲ. ಒಳ್ಳೆಯ ಊಟದ ಮನೆ, ಒಳ್ಳೆಯ ಹೋಟೆಲ್ ಕಂಡಲ್ಲಿ ನಿಲ್ಲುತ್ತಾ ಹೋದ ಎಂದು ಅವನ ಕಥೆಯನ್ನು ಇಂದಿಗೂ ನಗುತ್ತಾ ಹೇಳುತ್ತಾರೆ. ರೇಸ್ ಮುಗಿಸುವ ಮೊದಲೇ ಬಿಟ್ಟೂ ಹೋದ.

ಅದೇ ಕಾಲದಲ್ಲಿ, 1908ರಿಂದ 1928ರ ನಡುವೆ, ಜೂಲ್ ಡೆಲೋಫ್ರ್ ಎಂಬ ಇನ್ನೊಬ್ಬ ಸವಾರನಿದ್ದ. ಹದಿನಾಲ್ಕು ಸಲ ಟೂರ್‌ನಲ್ಲಿ ಓಡಿದವನು. ಜೇಬು ಮಾತ್ರ ಖಾಲಿ. ಇಡೀ ದಿನ ಸೈಕಲ್ ತುಳಿದು ಗುರಿ ಮುಟ್ಟಿದ ಮೇಲೆ ನೆರೆದ ಜನರ ಮುಂದೆ ದೊಂಬರಾಟದಂಥ ಕಸರತ್ತು ಮಾಡಿ, ಟೋಪಿ ಹಿಡಿದು ಚಿಲ್ಲರೆ ಎತ್ತುತ್ತಿದ್ದ. ಆ ರಾತ್ರಿಯ ಬಾಡಿಗೆಗೆ!

ಇದನ್ನು ಓದಿದ ಮೇಲೆ ನನಗೆ ಪೋರ್ಟ್‌ನ ಗಾಡಿ ಬೇರೆಯಾಗಿ ಕಾಣತೊಡಗಿತು. ಇಬ್ಬರೂ ಓಡಿದ್ದು ಅದೇ ರಸ್ತೆ, ಅದೇ ಬೆಟ್ಟ. ಆದರೆ ಒಬ್ಬನ ರೇಸ್ ಸಂಜೆಗೆ ಮುಗಿಯುತ್ತಿತ್ತು. ಇನ್ನೊಬ್ಬನದು ಸಂಜೆಯ ಮೇಲೂ ನಡೆಯುತ್ತಿತ್ತು.

1930ರಲ್ಲಿ ಟೂರ್‌ನ ಸಂಸ್ಥಾಪಕ ಆನ್ರಿ ಡೆಗ್ರಾಂಜ್ ಸೈಕಲ್ ಕಂಪನಿಗಳ ತಂಡಗಳನ್ನು ತೆಗೆದುಹಾಕಿ ದೇಶವಾರು ತಂಡಗಳನ್ನು ತಂದ. ಎಲ್ಲರಿಗೂ ಒಂದೇ ಬಗೆಯ ಹಳದಿ ಸೈಕಲ್ ಕೊಟ್ಟ. ಆ ತಂಡಗಳ ಊಟ, ವಸತಿಯ ಖರ್ಚನ್ನೂ ರೇಸೇ ಹೊತ್ತುಕೊಂಡಿತು. ದುಡ್ಡು ಎಲ್ಲಿಂದ? ಸವಾರರ ಮುಂದೆ ಜಾಹೀರಾತು ಗಾಡಿಗಳ ಮೆರವಣಿಗೆ ಬಿಟ್ಟು, ಕಂಪನಿಗಳಿಂದ ಹಣ ವಸೂಲಿ ಮಾಡಿದ. ಚಾಕೊಲೇಟ್, ಟೋಪಿ ಎಸೆಯುತ್ತಾ ಹೋಗುವ ಆ ಮೆರವಣಿಗೆ ಇಂದೂ ಇದೆ. ಆದರೆ ಒಂಟಿ ಸವಾರರ ಪಾಡು ಆಗಲೂ ಬದಲಾಗಲಿಲ್ಲ. ಅವರ ರಾತ್ರಿ ಅವರದೇ ಜವಾಬ್ದಾರಿಯಾಗಿ ಉಳಿಯಿತು.

ಇಂದಿನ ಹೋಟೆಲ್ ನಿಯಮದ ಬೇರು ಇಲ್ಲಿದೆ ಎಂದು ನನಗನಿಸುತ್ತದೆ. ಯಾರೂ ಬಾಡಿಗೆಗಾಗಿ ಟೋಪಿ ಹಿಡಿಯಬಾರದು. ಯಾರೂ ಹಣದಿಂದ ಸೆಕೆಂಡು ಕೊಳ್ಳಬಾರದು.

ನಿಯಮದ ತೂತು

ಇಷ್ಟಾದರೂ ನಾನು ಯುಸಿಐಗೆ ಪೂರ್ತಿ ಅಂಕ ಕೊಡಲಾರೆ. ಯಾಕೆಂದರೆ ಗಾಡಿ ಹೋಯಿತು, ಆದರೆ ಅದರೊಳಗಿದ್ದ ಸಾಮಾನು ಹೋಟೆಲ್ ಕೋಣೆಗೆ ಬಂತು.

ಸ್ಕೈ ತಂಡದ ಮುಖ್ಯಸ್ಥ ಡೇವ್ ಬ್ರೈಲ್ಸ್‌ಫರ್ಡ್ ಅವರ ಸೂತ್ರ ಮ್ಯಾನೇಜ್‌ಮೆಂಟ್ ಪಾಠಗಳಲ್ಲೂ ಬರುತ್ತದೆ. ಒಂದೇ ದೊಡ್ಡ ಸುಧಾರಣೆಗಾಗಿ ಕಾಯಬೇಡಿ. ನೂರು ಕಡೆ ಚೂರು ಚೂರು ಸುಧಾರಿಸಿ, ಎಲ್ಲ ಕೂಡಿದರೆ ದೊಡ್ಡದಾಗುತ್ತದೆ. ಆ ನೂರರಲ್ಲಿ ದಿಂಬು, ಹಾಸಿಗೆಯೂ ಸೇರಿದ್ದವು. ಪ್ರತಿ ಸವಾರನಿಗೆ ಒಗ್ಗುವ ಹಾಸಿಗೆಯನ್ನು ಹೋಟೆಲ್‌ನಿಂದ ಹೋಟೆಲ್‌ಗೆ ಸಾಗಿಸುತ್ತಿದ್ದರು. ಸವಾರರು ಬರುವ ಮೊದಲೇ ಸಿಬ್ಬಂದಿ ಹೋಗಿ ಕೋಣೆ ಅಣಿಮಾಡುತ್ತಿದ್ದರು. ಇವತ್ತು ದೊಡ್ಡ ತಂಡಗಳಿಗೆ ಸ್ವಂತ ಅಡುಗೆಯವರು, ಅಡುಗೆಮನೆಯ ಲಾರಿ ಇರುವುದು ಮಾಮೂಲು. ಕೋಣೆ ಎಲ್ಲರಿಗೂ ಒಂದೇ, ಆದರೆ ಕೋಣೆಯೊಳಗಿನ ರಾತ್ರಿ ಒಂದೇ ಅಲ್ಲ.

ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಮೊದಲ ವರ್ಷದ ವರ್ಕ್‌ಶಾಪ್‌ನಲ್ಲೇ ನಮಗೆ ಟಾಲರೆನ್ಸ್ ಅಂದರೆ ಏನೆಂದು ಹೇಳಿಕೊಡುತ್ತಾರೆ. ಒಂದು ಶಾಫ್ಟ್ 25 ಮಿಲಿಮೀಟರ್ ಇರಬೇಕು ಎಂದರೆ ಸರಿಯಾಗಿ 25 ಯಾರಿಂದಲೂ ಆಗದು. ಅದಕ್ಕೇ ಡ್ರಾಯಿಂಗ್‌ನಲ್ಲಿ ಎರಡು ಮಿತಿ ಕೊಡುತ್ತಾರೆ. ಇದಕ್ಕಿಂತ ದಪ್ಪ ಆಗಬಾರದು, ಇದಕ್ಕಿಂತ ಸಣ್ಣ ಆಗಬಾರದು. ಮೇಲಿನ ಮಿತಿಯನ್ನಷ್ಟೇ ಬರೆದು ಕೆಳಗಿನದನ್ನು ಬಿಟ್ಟರೆ ಆ ಡ್ರಾಯಿಂಗ್ ಹಿಡಿದು ಯಾರೂ ಕೆಲಸ ಮಾಡಲಾರರು.

ಹೋಟೆಲ್ ನಿಯಮದ ತೊಂದರೆ ಇದೇ. ಇದಕ್ಕಿಂತ ಚೆನ್ನಾಗಿ ಮಲಗಬಾರದು ಎಂದು ಮೇಲಿನ ಮಿತಿ ಹಾಕಿದರು. ಇದಕ್ಕಿಂತ ಕೆಟ್ಟದಾಗಿ ಯಾರನ್ನೂ ಮಲಗಿಸುವುದಿಲ್ಲ ಎಂಬ ಕೆಳಗಿನ ಮಿತಿಯನ್ನು ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲ. ಸೈಕಲ್ ವಿಷಯದಲ್ಲಿ ಯುಸಿಐಗೆ ಅಂಕಿಯಲ್ಲಿ ಮಾತಾಡಲು ಬರುತ್ತದೆ. 2000ದಿಂದ ರೇಸ್ ಸೈಕಲ್ 6.8 ಕಿಲೋಗಿಂತ ಹಗುರ ಇರುವಂತಿಲ್ಲ. ತಕ್ಕಡಿಗೆ ಹಾಕಿದರೆ ಮುಗಿಯಿತು. ನಿದ್ದೆಯನ್ನು ತೂಗುವ ತಕ್ಕಡಿ ಇಲ್ಲ, ಒಪ್ಪೋಣ. ಆದರೆ ಕೋಣೆಯ ಉಷ್ಣತೆ ಅಳೆಯಬಹುದು. ಹಾಸಿಗೆಯ ಗುಣಮಟ್ಟ ನಿಗದಿ ಮಾಡಬಹುದು. ಸದ್ದನ್ನೂ ಅಳೆಯಬಹುದು. ಜುಲೈನ ಬಿಸಿಲಲ್ಲಿ ಓಡಿಸುವ ಸಂಘಟಕರು ‘ಎಲ್ಲ ಕೋಣೆಗೂ ತಂಪು ವ್ಯವಸ್ಥೆ ನಮ್ಮ ಹೊಣೆ’ ಎಂದು ಬರೆದುಕೊಟ್ಟರೆ, ಶ್ರೀಮಂತ ತಂಡ ತನ್ನದೇ ಯಂತ್ರ ಹೊತ್ತು ತರುವ ಅಗತ್ಯವೂ ಇರುವುದಿಲ್ಲ, ಬಡ ತಂಡ ಬೆವರುವ ಅಗತ್ಯವೂ ಇರುವುದಿಲ್ಲ.

ಪ್ಯಾರಿಸ್‌ನ ಸೆಕೆ

ಕೆಳಗಿನ ಮಿತಿ ಸಾಲದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಲ್ಲರೂ ನೋಡಿದೆವು. ಪರಿಸರದ ಕಾಳಜಿಯಿಂದ ಕ್ರೀಡಾಗ್ರಾಮದ ಕೋಣೆಗಳಿಗೆ ಎಸಿ ಹಾಕಲಿಲ್ಲ. ನೆಲದಡಿ ತಣ್ಣೀರು ಹರಿಸುವ ವ್ಯವಸ್ಥೆ ಮಾಡಿದ್ದರು. ಉದ್ದೇಶ ಒಳ್ಳೆಯದೇ, ನಿಯಮ ಎಲ್ಲರಿಗೂ ಒಂದೇ. ಆದರೆ ಅನೇಕ ದೇಶಗಳು ದುಡ್ಡು ಕೊಟ್ಟು ತಮ್ಮದೇ ಎಸಿ ತರಿಸಿಕೊಂಡವು. ಅಷ್ಟು ಖರ್ಚು ತಮ್ಮಿಂದಾಗದು ಎಂದು ಉಗಾಂಡದಂಥ ದೇಶದ ಅಧಿಕಾರಿಗಳು ಹೇಳಿಕೊಂಡರು. ಸೆಕೆ ಹೆಚ್ಚಾದಾಗ ನಮ್ಮ ಕೇಂದ್ರ ಕ್ರೀಡಾ ಸಚಿವಾಲಯವೂ ಭಾರತದ ಕ್ರೀಡಾಪಟುಗಳಿಗಾಗಿ 40 ಎಸಿಗಳ ವ್ಯವಸ್ಥೆ ಮಾಡಿತು.

ಸುದ್ದಿ ಓದಿ ನಾನು ಖುಷಿಪಟ್ಟೆ. ನಮ್ಮವರು ಚೆನ್ನಾಗಿ ಮಲಗಲಿ ಎಂದು ಯಾರಿಗೆ ಅನಿಸುವುದಿಲ್ಲ? ಆಮೇಲೆ ಹೊಳೆಯಿತು: ಇಲ್ಲಿ ಮೋಟರ್‌ಹೋಮ್ ತಂದವರಲ್ಲಿ ನಾವೂ ಒಬ್ಬರು. ನಮ್ಮ ಎಸಿಗೆ ಚಪ್ಪಾಳೆ, ಪೋರ್ಟ್‌ನ ಗಾಡಿಗೆ ಬೈಗುಳ ಎಂದರೆ ಅದು ನ್ಯಾಯವಲ್ಲ, ಅಭಿಮಾನ. ಆ ಎಸಿಗಳು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ದೇಶಗಳು ತಾವೇ ಎಸಿ ಹೊತ್ತು ತರಬೇಕಾಯಿತು ಎಂದರೆ, ಎಲ್ಲರಿಗೂ ಒಂದೇ ಎಂದು ಕೊಟ್ಟ ಕೋಣೆ ಎಲ್ಲರಿಗೂ ಸಾಕಾಗಿರಲಿಲ್ಲ ಎಂದೇ ಅರ್ಥ.

ಅಣ್ಣನ ರಾತ್ರಿ

ಈ ವಿಷಯ ನನ್ನನ್ನು ಇಷ್ಟು ಕಾಡಲು ಸೈಕಲ್ ಒಂದೇ ಕಾರಣವಲ್ಲ. ನಮ್ಮಣ್ಣ ಡಿಗ್ರಿ ಮುಗಿಸಿ ಮೂರು ವರ್ಷದಿಂದ ಸರ್ಕಾರಿ ಕೆಲಸದ ಪರೀಕ್ಷೆ ಬರೆಯುತ್ತಿದ್ದಾನೆ. ಕಳೆದ ಸಲ ಅವನಿಗೆ ಪರೀಕ್ಷಾ ಕೇಂದ್ರ ಬಂದದ್ದು ದೂರದ ಇನ್ನೊಂದು ಜಿಲ್ಲೆಯಲ್ಲಿ. ರಾತ್ರಿ ಬಸ್ ಹತ್ತಿ, ಬೆಳಗಿನ ಜಾವ ನಾಲ್ಕಕ್ಕೆ ಇಳಿದು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬ್ಯಾಗನ್ನೇ ದಿಂಬು ಮಾಡಿಕೊಂಡು ಮಲಗಿದ್ದನಂತೆ. ಅಲ್ಲೇ ನಲ್ಲಿಯಲ್ಲಿ ಮುಖ ತೊಳೆದು ಪರೀಕ್ಷೆಗೆ ಹೋದ. ಅದೇ ಕೋಣೆಯಲ್ಲಿ ಪಕ್ಕದ ಬೆಂಚಿನವನು ಹಿಂದಿನ ದಿನವೇ ಕಾರಿನಲ್ಲಿ ಬಂದು ಲಾಡ್ಜ್‌ನಲ್ಲಿ ಉಳಿದಿದ್ದ.

‘ಪೇಪರ್ ಹೆಂಗಿತ್ತು?’ ಎಂದು ನಾನು ಫೋನಿನಲ್ಲಿ ಕೇಳಿದೆ. ‘ಪೇಪರ್ ಎಲ್ಲಾರಿಗೂ ಒಂದ ಇತ್ತು ತಮ್ಮಾ. ಕಣ್ಣು ಮಾತ್ರ ಉರೀತಿದ್ವು’ ಎಂದ.

ಪ್ರಶ್ನೆಪತ್ರಿಕೆ ಒಂದೇ, ಸಮಯ ಒಂದೇ, ಒಎಂಆರ್ ಹಾಳೆ ಒಂದೇ. ಕಾಗದದ ಮೇಲೆ ಇದಕ್ಕಿಂತ ನ್ಯಾಯ ಬೇಕೆ? ಇದಕ್ಕೆ ಪರಿಹಾರವಾಗಿ ‘ಪರೀಕ್ಷೆಯ ಹಿಂದಿನ ದಿನ ಯಾರೂ ಲಾಡ್ಜ್‌ನಲ್ಲಿ ಉಳಿಯಬಾರದು’ ಎಂದು ನಿಯಮ ಮಾಡಿದರೆ ನಾವು ನಗುತ್ತೇವೆ. ಅದರಿಂದ ಅಣ್ಣನಿಗೆ ಒಂದು ನಿಮಿಷದ ನಿದ್ದೆಯೂ ಹೆಚ್ಚಾಗುವುದಿಲ್ಲ. ಬೇಕಾದದ್ದು ಅವರವರ ಜಿಲ್ಲೆಯಲ್ಲೇ ಕೇಂದ್ರ, ಅದಾಗದಿದ್ದರೆ ದೂರದಿಂದ ಬರುವವರಿಗೆ ಒಂದು ರಾತ್ರಿ ತಲೆ ಊರಲು ಜಾಗ. ಇದ್ದವನಿಂದ ಕಿತ್ತುಕೊಳ್ಳುವುದು ಸುಲಭ, ಒಂದು ಆದೇಶ ಸಾಕು. ಇಲ್ಲದವನಿಗೆ ಕೊಡಲು ಖರ್ಚು ಬರುತ್ತದೆ. ಅದಕ್ಕೇ ನಿಯಮ ಮಾಡುವವರು ಸಾಮಾನ್ಯವಾಗಿ ಮೊದಲನೆಯದರ ಹತ್ತಿರವೇ ನಿಂತುಬಿಡುತ್ತಾರೆ.

ಹಾಗೆಂದು ಮೊದಲನೆಯದು ಬೇಡವೇ? ಸೈಕಲ್ ರೇಸಿನಲ್ಲಿ ಬೇಕು. ಅಲ್ಲಿ ಒಬ್ಬನ ನಿದ್ದೆ ಇನ್ನೊಬ್ಬನ ಸೆಕೆಂಡನ್ನು ನೇರವಾಗಿ ತಿನ್ನುತ್ತದೆ, ಹಣದ ಪೈಪೋಟಿಗೆ ಎಲ್ಲಾದರೂ ಬೇಲಿ ಹಾಕಲೇಬೇಕು. ಪೋರ್ಟ್‌ನ ಗಾಡಿ ನಿಲ್ಲಿಸಿದ್ದು ಸರಿ ಎಂದು ಈಗ ನಾನು ಒಪ್ಪುತ್ತೇನೆ. ನನ್ನ ತಕರಾರು ಇಷ್ಟೆ: ಬೇಲಿ ಹಾಕಿದವರು ಬೇಲಿಯೊಳಗಿನ ಹುಲ್ಲಿಗೂ ಹೊಣೆಯಾಗಬೇಕು. ‘ನಾವು ಕೊಟ್ಟ ಕೋಣೆಯಲ್ಲೇ ಮಲಗು’ ಎಂದು ಹೇಳುವ ಅಧಿಕಾರ, ಆ ಕೋಣೆಯಲ್ಲಿ ನಿದ್ದೆ ಬರುವಂತೆ ಮಾಡುವ ಹೊಣೆಯ ಜೊತೆಗೇ ಬರಬೇಕು.

ಇಷ್ಟೆಲ್ಲ ಚರ್ಚೆಯಾದ ಮೇಲೆ ನಮ್ಮ ರೂಮಿನಲ್ಲಿ ಒಂದು ಕೆಲಸ ಮಾಡಿದೆವು. ಗೆಳೆಯ ‘ನನ್ನ ಟೇಬಲ್ ಫ್ಯಾನ್ ವಾಪಸ್ ಕೊಡಿ’ ಎಂದು ಬರೆದಿದ್ದ ಅರ್ಜಿಯನ್ನು ಹರಿದು ಹಾಕಿ, ‘ಮೂವರಿರುವ ಪ್ರತಿ ರೂಮಿಗೂ ಎರಡನೇ ಫ್ಯಾನ್ ಹಾಕಿಸಿಕೊಡಿ’ ಎಂದು ಹೊಸ ಅರ್ಜಿ ಬರೆದೆವು. ನಮ್ಮ ಮಹಡಿಯವರೆಲ್ಲ ಸಹಿ ಹಾಕಿದರು. ವಾರ್ಡನ್ ಓದಿ, ‘ನೋಡೋಣ, ಮೇಲೆ ಕಳಿಸ್ತೀನಿ’ ಎಂದರು. ಇನ್ನೂ ಉತ್ತರ ಬಂದಿಲ್ಲ. ಈ ತಿಂಗಳು ಬಾಗಿಲ ಪಕ್ಕದ ಮಂಚದ ಸರದಿ ನನ್ನದು.